ಬುಗುರಿ ಬಣ್ಣದ ಬಾಯ್ಲರ್

ಹೊಸ ಓಲೆ ಹಾಕಿಕೊಂಡು ಬಾಯ್ಲರ್ ಟೆಸ್ಟ್ ಮಾಡಲು ಹೋಗುವವರು ಯಾರಾದರೂ ಇದ್ದಾರೆಯೇ? ನಾನು ಹೋದೆ. ರಾಮನಗರದ ನಮ್ಮ ಆಫೀಸಿನಿಂದ ಚನ್ನಪಟ್ಟಣದವರೆಗೂ ಹೆಲ್ಮೆಟ್ಟಿನೊಳಗೆ ಆ ಓಲೆ ಕಿವಿಯನ್ನು ಒತ್ತಿ ಒತ್ತಿ ನೋಯಿಸಿತು. ನೋಯಲಿ ಎಂದುಕೊಂಡೆ. ರುದ್ರಪ್ರಸಾದ್ ಅವರ ರೇಷ್ಮೆ ನೂಲಿನ ಕಾರ್ಖಾನೆಗೆ ಹೋಗುವ ಸರದಿ ಬರುವುದು ವರ್ಷಕ್ಕೊಮ್ಮೆ.

ಹೋದ ವರ್ಷ ನಾನು ಬಾಯ್ಲರಿನ ತಗಡು ಅಳೆಯುವಾಗ ಟಾರ್ಚ್ ಹಿಡಿದು ನಿಂತಿದ್ದವನು ಅವನೇ. ಬೆಳಕು ಆಗಾಗ ಬಾಯ್ಲರ್ ಬಿಟ್ಟು ನನ್ನ ಮುಖಕ್ಕೆ ಬರುತ್ತಿತ್ತು.

"ಬೆಳಕು ಇಲ್ಲಿ ಹಿಡೀರಿ."

"ಸಾರಿ ಮೇಡಂ, ಕೈ ಜಾರ್ತು."

ಯಾರ ಕೈಯೂ ಅಷ್ಟು ಸಲ ಜಾರುವುದಿಲ್ಲ. ಎದುರಿಗೆ ನಾನು ಮೇಡಂ, ಅವನು ರುದ್ರಪ್ರಸಾದ್ ಅವರು. ನನ್ನ ಮನಸ್ಸಿನಲ್ಲಿ ಮಾತ್ರ ಅವನು ವರ್ಷವಿಡೀ ಬರಿಯ ರುದ್ರ.

ಈ ಸಲ ಕಾರ್ಖಾನೆಯ ಹಿಂಬದಿಗೆ ಹೋದವಳು ನಿಂತಲ್ಲೇ ನಿಂತೆ. ಮಸಿ ಹಿಡಿದಿದ್ದ ಬಾಯ್ಲರ್ ಕಾಣೆಯಾಗಿತ್ತು. ಅದರ ಜಾಗದಲ್ಲಿ ಕೆಂಪು, ಅದರ ಮೇಲೆ ಹಳದಿ, ಅದರ ಮೇಲೆ ಹಸಿರು ಪಟ್ಟೆ ಹೊತ್ತ ಆಳೆತ್ತರದ ಬುಗುರಿಯೊಂದು ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ರುದ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟವನಂತೆ ನಿಂತಿದ್ದ.

"ಹೆಂಗೈತೆ ಮೇಡಂ?" ಎಂದ.

ನನ್ನ ಎದೆ ಧಸಕ್ಕೆಂದಿತು.

ನನ್ನ ಕೆಲಸ ಹೀಗೆ. ಕಿವಿಗೆ ಕೇಳಿಸದ ಶಬ್ದವೊಂದನ್ನು ನನ್ನ ಮಿಷನ್ ಕಬ್ಬಿಣದ ತಗಡಿನೊಳಕ್ಕೆ ಕಳಿಸುತ್ತದೆ. ಶಬ್ದ ತಗಡಿನ ಒಳಮೈಯನ್ನು ತಾಗಿ ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಹೊತ್ತಿನಿಂದ ತಗಡು ಎಷ್ಟು ದಪ್ಪ ಉಳಿದಿದೆ ಎಂದು ಗೊತ್ತಾಗುತ್ತದೆ. ಕೊಯ್ಯಬೇಕಿಲ್ಲ, ತೂತು ಕೊರೆಯಬೇಕಿಲ್ಲ. ಆದರೆ ಮೇಲೆ ದಪ್ಪಗೆ ಬಣ್ಣ ಬಳಿದಿದ್ದರೆ ಅದೂ ಲೆಕ್ಕಕ್ಕೆ ಸೇರಿ, ಸವೆದ ತಗಡು ಕೂಡ ಗಟ್ಟಿ ಎಂದೇ ತೋರುತ್ತದೆ. ಮಾಗಡಿ ಕಡೆಯ ಒಬ್ಬ ಮಿಲ್ ಮಾಲೀಕ ಹಾಗೆಯೇ ಬಣ್ಣ ಬಳಿಸಿ, ಕಾಫಿ ಕೊಟ್ಟು, ನಮ್ಮ ಸೀನಿಯರ್ ಒಬ್ಬರಿಗೆ ಟೋಪಿ ಹಾಕಿದ್ದ. ಕೆಲವೇ ತಿಂಗಳಲ್ಲಿ ತಗಡು ಸೀಳಿ ಹಬೆ ನುಗ್ಗಿತು, ಬೆಂಕಿ ಹಾಕುವವನ ಎರಡೂ ಕೈ ಬೆಂದುಹೋದವು. ಅಂದಿನಿಂದ ಹೊಸ ಬಣ್ಣ ಕಂಡರೆ ನನಗೆ ಮೈಯೆಲ್ಲ ಉರಿ.

ಇವನೂ ಅಂಥವನೇ ಆಗಿಬಿಟ್ಟರೆ? ಬಾಯ್ಲರನ್ನು ಫೇಲ್ ಮಾಡುವುದು ನನಗೆ ಕಷ್ಟವಲ್ಲ. ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡವನನ್ನು ಕಿತ್ತು ಹೊರಗೆ ಹಾಕುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

"ಬಣ್ಣದ ಕೆಳಗೆ ಏನೈತೆ?" ಎಂದು ಕೇಳಿದೆ.

"ಬಾಯ್ಲರ್ರು" ಎಂದ ರುದ್ರ, ಕಕ್ಕಾಬಿಕ್ಕಿಯಾಗಿ.

"ತಮಾಷೆ ಬೇಡ. ಯಾಕೆ ಬಳಿಸಿದ್ದು?"

ಅವನು ಬಾಯಿ ತೆರೆದ, ನನ್ನ ಮುಖ ನೋಡಿದ, ಮುಚ್ಚಿಕೊಂಡ. ಅವನ ಕಿವಿ ಕೆಂಪಾಯಿತು. ತಪ್ಪು ಮಾಡಿದವರ ಕಿವಿ ಹೀಗೇ ಕೆಂಪಾಗುತ್ತದೆ ಎಂದು ನಾನು ತೀರ್ಮಾನಿಸಿದೆ.

ಶಬ್ದ ತಗಡಿಗೆ ದಾಟಲೆಂದು ಹಚ್ಚುವ ಜೆಲ್ಲನ್ನು ಸಿಟ್ಟಿನಲ್ಲಿ ಬಣ್ಣದ ಮೇಲೆಯೇ ಅಲ್ಲಿ ಇಲ್ಲಿ ಹಚ್ಚಿ, ಮಿಷನ್ನಿನ ಮೂತಿ ಒತ್ತಿ ನೋಡಿದೆ. ಒಂದು ಕಡೆ ತೋರಿಸಿದ್ದು ಇನ್ನೊಂದು ಕಡೆ ಇಲ್ಲ. ಜೆಲ್ ಖರ್ಚಾಗಿದ್ದೇ ಬಂತು. ಕೊನೆಗೆ ಚಾಕ್‌ಪೀಸ್ ತೆಗೆದು ಆ ಚೆಂದದ ಬಣ್ಣದ ಮೇಲೆಲ್ಲ ಸುತ್ತು ಹಾಕಿದೆ.

"ಸುತ್ತು ಹಾಕಿದ ಕಡೆಯೆಲ್ಲ ಕೆರೀಬೇಕು. ಕಬ್ಬಿಣ ಕಾಣೋವರೆಗೂ."

"ಹಳದಿ ಮೇಲೂವಾ?" ಎಂದ, ಆಟದ ಸಾಮಾನು ಕಿತ್ತುಕೊಂಡಾಗ ಮಗು ಕೇಳುವ ಹಾಗೆ.

"ಹಳದಿ ಮೇಲೂ."

ದಿನಾ ಬೆಂಕಿ ಹಾಕುವ ಸನಾವುಲ್ಲಾ ಚಾಚಾ ಉಪ್ಪುಕಾಗದ ಹಿಡಿದು ಬಂದರು. ರುದ್ರ ಅದನ್ನು ಇಸಿದುಕೊಂಡ. ಅಂಗಿಯ ತೋಳು ಮಡಚಿ ಒಬ್ಬನೇ ಉಜ್ಜತೊಡಗಿದ. ಕೆಂಪು, ಹಳದಿ, ಹಸಿರು ಪುಡಿ ಅವನ ತಲೆಗೂದಲಿಗೆ, ಹುಬ್ಬಿಗೆ, ಇಸ್ತ್ರಿ ಅಂಗಿಗೆ ಬಿತ್ತು. ಹುಬ್ಬಿನ ಮೇಲಿದ್ದ ಹಳದಿ ಪುಡಿಯನ್ನು ಒರೆಸಬೇಕೆಂದು ನನ್ನ ಕೈಗೆ ಅನಿಸಿತು. ಕೈಯನ್ನು ಗದರಿಸಿ ಸುಮ್ಮನಿರಿಸಿದೆ.

ಆಮೇಲೆ ಅಳೆಯಲು ಕೂತೆ. ರುದ್ರ ಟಾರ್ಚ್ ಹಿಡಿದ. ಈ ಸಲ ಬೆಳಕು ಕೂದಲೆಳೆಯಷ್ಟೂ ಅಲುಗಲಿಲ್ಲ, ಅದು ನನಗೆ ಇನ್ನಷ್ಟು ಸಂಕಟ ತಂದಿತು.

ಮೇಲಿನ ಸುತ್ತುಗಳೆಲ್ಲ ಸರಿಯಿದ್ದವು. ಬೆಂಕಿಗೆ ಹತ್ತಿರದ ಕೊನೆಯ ಸುತ್ತಿಗೆ ಬಂದೆ. ಹೋದ ವರ್ಷ ಅಲ್ಲಿ ಏಳೂವರೆ ಮಿಲಿಮೀಟರ್ ಇತ್ತು. ಆರಕ್ಕಿಂತ ಕೆಳಗಿಳಿದರೆ ಈ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ಮಿಷನ್ ಐದು ಎಂದಿತು. ಮತ್ತೆ ಒತ್ತಿದೆ, ನಾಲ್ಕು.

ರುದ್ರ ನನ್ನ ಮುಖ ನೋಡಿಯೇ ತಿಳಿದುಕೊಂಡ. ಅವನು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ.

"ಕಮ್ಮಿ ಐತಾ?"

ನಾನು ಮಿಷನ್ನಿನ ನಂಬರನ್ನೇ ನೋಡುತ್ತ ಕೂತೆ.

"ಕಮ್ಮಿ ಇದ್ರೆ ಕಮ್ಮಿ ಅಂತಲೇ ಬರೀರಿ ಮೇಡಂ. ನನ್ ಮುಖ ನೋಡ್ಬೇಡಿ. ಚಾಚಾ ದಿನಾ ಇದರ ಮುಂದೇನೇ ಕೂತ್ಕೊಳ್ಳೋದು. ಕಾರ್ಖಾನೆ ನಿಂತ್ರೆ ನಿಲ್ಲಲಿ, ಚಾಚಾಗೆ ಏನಾದ್ರೂ ಆದ್ರೆ ನಾನ್ ಮನ್ಸ ಅಲ್ಲ."

ಮೋಸ ಮಾಡುವವನು ಈ ಮಾತು ಆಡುವುದಿಲ್ಲ. ಮಿಷನ್ ಏನಾದರೂ ಹೇಳಲಿ, ಇವನು ಅಂಥವನಲ್ಲ. ಅಷ್ಟು ಗೊತ್ತಾದ ಮೇಲೆಯೇ ನನ್ನ ಬುದ್ಧಿ ತಲೆಗೆ ವಾಪಸ್ ಬಂತು. ಕೈಯಲ್ಲಿದ್ದ ಜೆಲ್ ಬಾಟಲಿಯನ್ನು ನೋಡಿದೆ. ಖಾಲಿ. ಒಣ ಕಬ್ಬಿಣದ ಮೇಲೆ ಒತ್ತುತ್ತಿದ್ದೆ. ನಡುವೆ ಗಾಳಿ ನಿಂತರೆ ಶಬ್ದ ಸರಿಯಾಗಿ ದಾಟುವುದಿಲ್ಲ, ಮಿಷನ್ ಬಾಯಿಗೆ ಬಂದದ್ದು ಹೇಳುತ್ತದೆ. ಕೋಪದಲ್ಲಿ ಬಣ್ಣದ ಮೇಲೆ ಜೆಲ್ ಸುರಿದವಳು ನಾನೇ ತಾನೆ!

"ಒಸಿ ಎಣ್ಣೆ ಸಿಗ್ತದಾ?" ಎಂದೆ.

ರುದ್ರನ ತಾಯಿ ಉಮಾಮಹೇಶ್ವರಮ್ಮ ಕಾರ್ಖಾನೆಗೆ ಅಂಟಿಕೊಂಡಿದ್ದ ಮನೆಯ ಬಾಗಿಲಲ್ಲೇ ನಿಂತಿದ್ದರು. "ತಲೆಗೆ ಹಾಕೋ ಹರಳೆಣ್ಣೆ ಐತೆ ಕಣವ್ವ. ಆಯ್ತದಾ?"

"ಆಯ್ತದೆ ಅಮ್ಮ. ಮಧ್ಯ ಗಾಳಿ ಇರ್ಬಾರ್ದು, ಅಷ್ಟೇ."

ಹರಳೆಣ್ಣೆ ಬಂತು. ಹಚ್ಚಿದೆ, ಒತ್ತಿದೆ. ಏಳು ಪಾಯಿಂಟ್ ನಾಲ್ಕು. ಪಕ್ಕದಲ್ಲಿ ಒತ್ತಿದೆ. ಏಳು ಪಾಯಿಂಟ್ ನಾಲ್ಕು. ನಂಬರ್ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಗಟ್ಟಿ ಐತೆ" ಎಂದು ನಾನು ಮಸಿ ನೆಲದ ಮೇಲೆ ಕೂತುಬಿಟ್ಟೆ. ಎದೆಯ ಮೇಲಿದ್ದ ಚಪ್ಪಡಿ ಇಳಿದ ಹಾಗಾಯಿತು. ಸನಾವುಲ್ಲಾ ಚಾಚಾ "ಯಾ ಅಲ್ಲಾ" ಎಂದು ಬಾಯ್ಲರಿನ ಬೆನ್ನು ತಟ್ಟಿದರು. ರುದ್ರ ನಗಲೋ ಬೇಡವೋ ಎಂಬಂತೆ ನಿಂತಿದ್ದ.

"ಇಷ್ಟು ಗಟ್ಟಿ ಇರೋದಕ್ಕೆ ಬಣ್ಣ ಯಾಕ್ ಬಳಿಸಿದ್ರಿ?" ಎಂದೆ. ಈ ಸಲ ಮೆಲ್ಲಗೆ ಕೇಳಿದೆ.

ಅವನು ನೆಲ ನೋಡಿದ. ಚಾಚಾ ತಡೆಯಲಾರದೆ ಬಾಯಿ ಹಾಕಿದರು. "ಅರೆ ಬೇಟಿ, ಹೋದ್ ವರ್ಷ ನೀನೇ ಹೇಳ್ಬುಟ್ಟು ಹೋದ್ಯಲ್ಲ! ಊರೆಲ್ಲ ಗೊಂಬೆಗೆ ಬಣ್ಣ ಹಾಕ್ತದೆ, ಈ ಪಾಪದ ಬಾಯ್ಲರ್ ಮಾತ್ರ ಎಮ್ಮೆ ಹಂಗೆ ಕರ್ರಗೆ ನಿಂತೈತೆ ಅಂತ. ಬಿಸಿ ತಡೆಯೋ ಬಣ್ಣ ಹುಡುಕ್ಕೊಂಡು ಇವ್ನು ಬೆಂಗಳೂರೆಲ್ಲ ಸುತ್ತಿದ. ಪಟ್ಟೆ ಹೆಂಗಿರ್ಬೇಕು ಅಂತ ಗೊಂಬೆ ಮಾಡೋ ನನ್ ತಮ್ಮನ ತಲೆ ತಿಂದ."

ಹೌದು, ಅಂದಿದ್ದೆ. ಟಾರ್ಚ್ ಬೆಳಕು ಮುಖಕ್ಕೆ ಬಿದ್ದಾಗ ನಾಚಿಕೆ ಮುಚ್ಚಿಕೊಳ್ಳಲು ಏನೋ ಒಂದು ಅಂದಿದ್ದೆ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

"ವರ್ಸಕ್ಕೊಂದ್ ದಿನ ಬತ್ತೀರ" ಎಂದ ರುದ್ರ. "ಆವತ್ತು ನೀವು ನಗ್ಬೇಕು ಅಂತ ಆಸೆ. ಮುಂದಿನ್ ವರ್ಸ ಬರೋವಾಗ ಬಣ್ಣ ಇರಲ್ಲ, ಕರ್ರಗೇ ಇರ್ತದೆ. ಬತ್ತೀರ ತಾನೆ?"

ನಾನು ಎದ್ದು, ಮಿಷನ್ ಒರೆಸಿ, ಪೆಟ್ಟಿಗೆಯಲ್ಲಿಟ್ಟೆ. "ಮುಂದಿನ ವರ್ಷ ಈ ಬಾಯ್ಲರ್‌ಗೆ ನಾನು ಬರಲ್ಲ."

ಅವನ ಮುಖ ಸಪ್ಪಗಾಯಿತು. "ಅಷ್ಟು ಬೇಜಾರಾಯ್ತಾ?"

"ಬೇಜಾರಲ್ಲ, ರೂಲು. ನಮ್ಮ ಆಫೀಸಿನಲ್ಲಿ ಸ್ವಂತ ಮನೆಯವರ ಬಾಯ್ಲರ್ ನಾವೇ ಟೆಸ್ಟ್ ಮಾಡೋ ಹಂಗಿಲ್ಲ. ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ನಾನು ಕಳಿಸಿದ ಶಬ್ದ ಕಬ್ಬಿಣದಿಂದ ವಾಪಸ್ ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ರುದ್ರನಿಗೆ ಮಾತ್ರ ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಚಾಚಾಗೆ ಅರ್ಥವಾಗಿ ಅವರು ಆ ಕಡೆ ತಿರುಗಿ ಕೆಮ್ಮಿದರು. ಉಮಾಮಹೇಶ್ವರಮ್ಮನಿಗೆ ಅರ್ಥವಾಗಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೊನೆಗೆ ರುದ್ರನ ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ.

"ಹೊಸ ಓಲೆ ಚೆನ್ನಾಗೈತೆ" ಎಂದ, ಅಷ್ಟು ಹೊತ್ತಿನ ಮೇಲೆ.

"ಈಗ ಕಂಡ್ತಾ?"

"ಬಂದಾಗ್ಲೇ ಕಂಡ್ತು. ಹೇಳೋಕೆ ನೀವು ಬಿಡ್ಲಿಲ್ಲ."

ನಾನು ಕೈ ಚಾಚಿ ಅವನ ಹುಬ್ಬಿನ ಮೇಲಿದ್ದ ಹಳದಿ ಪುಡಿಯನ್ನು ಒರೆಸಿದೆ. ನನ್ನ ಬೆರಳಲ್ಲಿದ್ದ ಹರಳೆಣ್ಣೆ ಅವನ ಹಣೆಗೆಲ್ಲ ಅಂಟಿತು. ಅಡುಗೆಮನೆ ಕಡೆಗೆ ಹೊರಟಿದ್ದ ಉಮಾಮಹೇಶ್ವರಮ್ಮ ತಿರುಗಿಯೂ ನೋಡದೆ, "ಇಬ್ರೂ ಕೈ ತೊಳ್ಕೊಂಡು ಬನ್ನಿ, ಮುದ್ದೆ ಆರೋಯ್ತದೆ" ಎಂದರು.