ಮತ್ಸರಮಾಪಕ

"ಎಲ್ಲಾರೂ ಈ ಕಡೆ ನೋಡ್ರಪಾ! ಕೊಪ್ಪಳ ಜಿಲ್ಲೆಯಾಗ ಇವನಷ್ಟು ಹೊಟ್ಟೆಕಿಚ್ಚಿನ ಹುಳ ಇನ್ನೊಂದಿಲ್ಲ!"

ಮರುಪರೀಕ್ಷಾ ಮಂಡಳಿಯ ಅಧಿಕಾರಿ ದೇವರಮನಿ ಕಚೇರಿಯ ನಟ್ಟನಡುವೆ ನಿಂತು ಕೂಗಿದಾಗ ಸಿಬ್ಬಂದಿಯೆಲ್ಲ ಗೊಳ್ಳೆಂದು ನಕ್ಕಿತು. ಗವಿಸಿದ್ದನ ಹಣೆಗೆ ಅಂಟಿಸಿದ್ದ ತೆಳುವಾದ ಪಟ್ಟಿ ಇನ್ನೂ ಕೆಂಪಗೆ ಮಿನುಗುತ್ತಿತ್ತು. ಎದುರಿನ ಪರದೆಯಲ್ಲಿ ಮಹಾಂತೇಶ ಕವಲೂರನ ನಗುಮುಖ, ಅದರ ಕೆಳಗೆ ನೂರಕ್ಕೆ ತೊಂಬತ್ತಾರು ಎಂಬ ಅಂಕಿ.

"ಒಂಬತ್ತನೇ ಕ್ಲಾಸ್ ದಾಟದವಗ ಮತ್ಯಾವ ವಿಷಯದಾಗ ತೊಂಬತ್ತಾರು ಬರಬೇಕು ಹೇಳ್ರಿ?" ದೇವರಮನಿ ಮತ್ತೆ ಕೆಣಕಿದ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ವಾರಿಜಾ ಮಾತ್ರ ನಗಲಿಲ್ಲ. "ಇದು ಬೈಗುಳ ಅಲ್ಲಪ್ಪ, ಪರೀಕ್ಷಕನ ಕೆಲಸಕ್ಕೆ ನಿನ್ನ ಅರ್ಹತೆ," ಎಂದರು.

ಗಾಂಜಾವನ್ನು ಔಷಧವೆಂದು ಕಾನೂನು ಒಪ್ಪಿ ವರ್ಷಗಳೇ ಕಳೆದಿದ್ದವು. ಗಿಡದ ಹೂವು ಆಸ್ಪತ್ರೆಗೆ ಹೋಗುವ ಮುನ್ನ ಅದರಲ್ಲಿ ಕೀಟನಾಶಕ, ಸೀಸ, ಬೂಷ್ಟು ಇಲ್ಲವೆಂದು ಖಾಸಗಿ ಪ್ರಯೋಗಾಲಯ ಪ್ರಮಾಣಪತ್ರ ಕೊಡಬೇಕು. ಆದರೆ ಶುಲ್ಕ ಕೊಡುವವನು ಬೆಳೆಗಾರನೇ. ಕಟ್ಟುನಿಟ್ಟಿನ ಪ್ರಯೋಗಾಲಯದತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಅದಕ್ಕೇ ಸರ್ಕಾರ ಮರುಪರೀಕ್ಷಾ ಮಂಡಳಿ ಕಟ್ಟಿತು. ಅದರ ಪರೀಕ್ಷಕರೂ ಪ್ರಯೋಗಾಲಯದವರ ಮಿರ್ಚಿ, ಚಹಾಕ್ಕೆ ಪಳಗಿ, ಅವರ ಮನೆಯ ಮದುವೆಯಲ್ಲಿ ಬಡಿಸುವಷ್ಟು ನೆಂಟರಾದರು. ಗೆಳೆಯನ ಕೆಲಸದಲ್ಲಿ ತಪ್ಪು ಹುಡುಕುವವರು ಯಾರು? ವಾರಿಜಾ ಕಂಡುಕೊಂಡ ಉತ್ತರವೇ ಮತ್ಸರಮಾಪಕ. ಒಬ್ಬನ ಮುಖ ತೋರಿಸಿದಾಗ ಇನ್ನೊಬ್ಬನ ಮಿದುಳಿನಲ್ಲಿ ಏಳುವ ಸೂಕ್ಷ್ಮ ವಿದ್ಯುತ್ತರಂಗಗಳನ್ನು ಅದು ಅಳೆಯುತ್ತಿತ್ತು. ಯಾರಿಗೆ ಯಾರ ಮೇಲೆ ಹೆಚ್ಚು ಉರಿಯೋ ಅವರನ್ನೇ ಆತನ ಕೆಲಸದ ಮರುಪರೀಕ್ಷೆಗೆ ಅಟ್ಟುತ್ತಿತ್ತು. ಓದು ಎಷ್ಟೆಂದು ಕೇಳುತ್ತಿರಲಿಲ್ಲ.

"ನನಗ್ಯಾಕ್ರೀ ಅವನ ಮ್ಯಾಲ ಹೊಟ್ಟೆಕಿಚ್ಚು?" ಎಂದು ಗವಿಸಿದ್ದ ಗೊಣಗಿದ.

"ಯಾಕೆ ಅನ್ನೋದು ಯಂತ್ರಕ್ಕೆ ಬೇಕಿಲ್ಲ. ನಿನಗೇ ಗೊತ್ತಿರುತ್ತೆ," ಎಂದರು ವಾರಿಜಾ.

ಗೊತ್ತಿತ್ತು. ಮಹಾಂತೇಶ ಅವನ ಪಕ್ಕದಲ್ಲೇ ಕೂತು ಓದಿದವನು. ಇವನು ಶಾಲೆ ಬಿಟ್ಟು ಪಂಕ್ಚರ್ ಹಾಕುತ್ತಿದ್ದಾಗ ಅವನು ಪದವಿ ಮೇಲೆ ಪದವಿ ಪಡೆದು ಸ್ವಂತ ಪ್ರಯೋಗಾಲಯ ತೆರೆದ. ಅಷ್ಟನ್ನಾದರೂ ಸಹಿಸಬಹುದಿತ್ತು. ಗವಿಸಿದ್ದನ ಹೆಂಡತಿ ನೀಲಾ ಅಲ್ಲಿಯೇ ಕೆಲಸಕ್ಕೆ ಸೇರಿದಳು. ದಿನಾ ಊಟಕ್ಕೆ ಕೂತಾಗ ಅದೇ ಮಾತು: "ನಮ್ಮ ಸರ್‌ಗೆ ಸಿಟ್ಟ ಅಂದ್ರ ಏನಂತ ಗೊತ್ತಿಲ್ಲ ನೋಡು. ಮನಿಷ್ಯಾ ಅಂದ್ರ ಹಂಗಿರಬೇಕು." ಗವಿಸಿದ್ದ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ.

ಯಂತ್ರ ತಪ್ಪಲಿಲ್ಲ. ಮಾದರಿಯನ್ನು ಚೀಲದ ಬಾಯಿಯಿಂದ ಚಿಮಟಿಗೆಯಲ್ಲಿ ಎತ್ತುವುದು ಎಲ್ಲರ ರೂಢಿ. ತಳ ಕೆದಕಿದರೆ ಹೂವು ಪುಡಿಯಾಗಿ ಬೆಳೆಗಾರ ರೇಗುತ್ತಾನೆ. ಗವಿಸಿದ್ದ ಮಹಾಂತೇಶ ಪಾಸು ಮಾಡಿದ್ದ ಪ್ರತಿ ಚೀಲಕ್ಕೂ ಮೊಣಕೈತನಕ ಕೈ ಹಾಕಿದ. ತಳದಲ್ಲಿ ಹೂವು ತೇವ ಹಿಡಿದು ತುಸು ಬೆಚ್ಚಗಿತ್ತು. ಅದನ್ನು ಬೂಷ್ಟು ಬೆಳೆಸಿ ನೋಡುವ ಪೋಷಕ ತಟ್ಟೆಯಲ್ಲಿಟ್ಟು ಕಾದಾಗ ಹಸಿರು ಬೂಷ್ಟು ಹಬ್ಬಿತು. ಆ ಮಾಲು ಹೊರಟಿದ್ದದ್ದು ಕ್ಯಾನ್ಸರ್ ಆಸ್ಪತ್ರೆಗೆ. ಅಲ್ಲಿನ ರೋಗಿಗಳು ವಾಂತಿ ತಡೆಯಲು ಅದರ ಆವಿ ಎಳೆದುಕೊಳ್ಳುತ್ತಾರೆ. ರೋಗನಿರೋಧಕ ಶಕ್ತಿಯಿಲ್ಲದ ಅವರ ಶ್ವಾಸಕೋಶಕ್ಕೆ ಈ ಬೂಷ್ಟು ಹೊಕ್ಕರೆ ಉಳಿಯುವುದು ಕಷ್ಟ.

ಜೀವಮಾನದಲ್ಲಿ ಮೊದಲ ಸಲ ಗವಿಸಿದ್ದ ಎದೆಯುಬ್ಬಿಸಿ ವಿಚಾರಣಾ ಸಭೆಗೆ ಹೋದ. ಮಹಾಂತೇಶನ ಸಿಬ್ಬಂದಿಯ ಸಾಲಿನಲ್ಲಿ ನೀಲಾ ಕೂತಿದ್ದಳು. ಇವತ್ತು ಇವಳೂ ನೋಡಲಿ, ಅಂದುಕೊಂಡ.

ವರದಿ ಕೇಳಿದ ದೇವರಮನಿ ಆಕಳಿಸಿದ. "ತೊಂಬತ್ತಾರು ಉರಿ ಇರೋನ ಮಾತು ಹೆಂಗ ನಂಬೋದಪಾ? ಬೂಷ್ಟು ನೀನೇ ತಂದು ಹಾಕಿರಬಹುದು."

"ಹುಡುಕಾಕ ನನ್ನ ಹೊಟ್ಟೆಕಿಚ್ಚು ಬೇಕು, ನಂಬಾಕ ಬ್ಯಾಡೇನ್ರೀ?" ಗವಿಸಿದ್ದ ಮೇಜು ಗುದ್ದಿದ. "ನಾಳೆ ರೋಗಿ ಸತ್ರ ಯಾರನ್ನ ಹಿಡೀತೀರಿ, ಈ ಯಂತ್ರಾನ?"

 ತಪ್ಪು ಹುಡುಕುವವನನ್ನು ಹುಡುಕಲು ಅಲ್ಲೇ ಕೂತಿದ್ದ ವಾರಿಜಾ ಆರು ವರ್ಷ ತಲೆ ಸವೆಸಿದ್ದರು. ಅವನ ಮಾತನ್ನು ಯಾರಾದರೂ ನಂಬಬೇಕಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ವರದಿ ತಿರಸ್ಕಾರದ ಹಂತಕ್ಕೆ ಬಂತು.

ಆಗ ಮಹಾಂತೇಶ ಎದ್ದು ನಿಂತ. "ಅಂವ ಹೇಳೋದು ಖರೇ ಐತ್ರಿ. ಅವನ ವರದಿ ಬಂದ ಮ್ಯಾಲ ನಿನ್ನೆ ನಾನೂ ಚೀಲದ ತಳ ತೆಗೆದು ನೋಡಿದೆ. ತಪ್ಪು ನಂದು. ಮಾಲೆಲ್ಲ ಸುಡಸ್ತೀನಿ."

 ಸಭೆಯ ತುಂಬ ಚಪ್ಪಾಳೆ! ಅದೇ ಬೂಷ್ಟು, ಅದೇ ಮಾತು; ಹೇಳಿದ ಬಾಯಿ ಬೇರೆ, ಅಷ್ಟೇ. ದೇವರಮನಿ ಓಡಿ ಬಂದು ಮಹಾಂತೇಶನನ್ನು ಅಪ್ಪಿಕೊಂಡ. "ಇಂಥಾ ಪ್ರಾಮಾಣಿಕರು ಬೇಕ್ರೀ ನಮ್ಮ ಮಂಡಳಿಗೆ!" ಎಂದು ಅಲ್ಲಿಯೇ ಅವನನ್ನು ಸಲಹೆಗಾರನೆಂದು ಸಾರಿದ. ನೀಲಾ ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ರೋಗಿಗಳು ಉಳಿದರು. ಅದು ಗವಿಸಿದ್ದನಿಗೆ ಗೊತ್ತಿತ್ತು. ಗೊತ್ತಿದ್ದರೂ ಒಳಗಿನ ಕೆಂಡ ಆರಲಿಲ್ಲ. ಮಹಾಂತೇಶ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಇವನು ಒಳ್ಳೆಯವನೂ ಆಗಿಬಿಟ್ಟ.

ಜನರನ್ನು ಸರಿಸಿಕೊಂಡು ಮಹಾಂತೇಶ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. "ಗವ್ಯಾ, ನೀ ಇರದಿದ್ರ ನನ್ನ ಕೈಯಾಗ ಹೆಣ ಬೀಳ್ತಿದ್ವು. ಸಿಟ್ಟು ಬಿಡಲೇ. ನಡಿ, ಚಹಾ ಕುಡಿಯೋಣು?"

ಗವಿಸಿದ್ದ ಹೆಗಲ ಮೇಲಿನ ಕೈಯನ್ನು ಇಳಿಸಿದ. ನೀಲಾಳ ಕಡೆಗೂ ನೋಡದೆ ಬಾಗಿಲಿನತ್ತ ನಡೆದ.