ಕಿಡಿಯಿಲ್ಲದೆ ಓಡಿದ ಕಾರು

ಎಂಜಿನ್ ಬಿಸಿಯಾದರೆ ಸಾಕು, ನಮ್ಮ ಹಳೇ ಕಾರು ನಿಂತುಬಿಡುತ್ತಿತ್ತು. ಕಾಯಿಲ್ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ, ಗುಣ ಕಾಣಲಿಲ್ಲ. ಇನ್ನು ಉಳಿದದ್ದು ಪ್ಲಗ್‌ಗಳಿಗೆ ಕಿಡಿ ಕೊಡಿಸುವ ಇಗ್ನಿಷನ್ ಮಾಡ್ಯೂಲ್. ಬೆಂಕಿಪೊಟ್ಟಣದಷ್ಟಿರುವ ಆ ಎಲೆಕ್ಟ್ರಾನಿಕ್ ಡಬ್ಬಿ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಹೋದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದೆ ಅದನ್ನು ಬಿಚ್ಚಿ, ಬಾನೆಟ್ ಮುಚ್ಚಿ, ಮನೆಯೊಳಗೆ ಕೂತು ಒರೆಸುತ್ತಿದ್ದೆ.

ಹೊರಗಿನಿಂದ ಹೆಂಡತಿ ಅಪೂರ್ವ ಕೂಗಿದಳು. "ಅಪ್ಪಂಗೆ ಎದೆನೋವು ಕಣ್ರೀ! ಕಾರು ಸ್ಟಾರ್ಟ್ ಆಗಿದೆ, ಬೇಗ ಬನ್ನಿ!"

ಓಡಿಹೋಗಿ ನೋಡಿದರೆ ಎಂಜಿನ್ ನಿಜಕ್ಕೂ ಓಡುತ್ತಿತ್ತು. ಮಾವ ಸುಂದರೇಶ ಹಿಂದಿನ ಸೀಟಿನಲ್ಲಿ ಬೆವರುತ್ತಾ ಒರಗಿದ್ದರು. ಮಾಡ್ಯೂಲ್ ನನ್ನ ಕೈಯಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡು ಸ್ಟೀರಿಂಗ್ ಹಿಡಿದೆ.

ದಾರಿಯುದ್ದಕ್ಕೂ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಗೇರ್ ಬದಲಾಯಿಸಿದರೂ ಎಂಜಿನ್ ಸದ್ದು ಏರಲಿಲ್ಲ, ಇಳಿಯಲಿಲ್ಲ. ಹೊರಗೆ ಸುಡುಬಿಸಿಲು, ಕಾಲ ಬಳಿ ಬಾವಿಯೊಳಗಿನಂಥ ತಂಪು.

"ಒಳಗೆ ಚಳಿ ಕಣ್ರೀ, ಗಾಜು ಇಳಿಸಿ" ಅಂದಳು ಅಪೂರ್ವ.

ನಜರ್‌ಬಾದ್ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, "ಸರಿಯಾದ ಟೈಮಿಗೆ ಕರ್ಕೊಂಡು ಬಂದ್ರಿ, ಇನ್ನು ಭಯ ಇಲ್ಲ" ಅಂದಾಗ ಅಪೂರ್ವ ನನ್ನ ಹೆಗಲಿಗೊರಗಿ ಅತ್ತಳು. ನನ್ನ ಎದೆಯೂ ಹಗುರಾಯಿತು.

ಆಮೇಲೆ ಹೋಗಿ ಬಾನೆಟ್ ಎತ್ತಿದೆ. ಬಿಚ್ಚಿದ ವೈರುಗಳು ಹಾಗೇ ಜೋತಾಡುತ್ತಿದ್ದವು. ಎಂಜಿನ್ ಮುಟ್ಟಿದರೆ ತಣ್ಣಗೆ ಕೊರೆಯಿತು.

ವಾಪಸ್ ಬಂದು ಅಪೂರ್ವಳನ್ನು ಕೇಳಿದೆ. "ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತಾ?"

"ನಾನೆಲ್ಲಿ ತಿರುಗಿಸ್ದೆ? ಅಪ್ಪನ್ನ ಕರ್ಕೊಂಡು ಬರೋವಾಗ್ಲೇ ಓಡ್ತಿತ್ತು. ನೀವೇ ಮಾಡಿದ್ದೀರಾ ಅಂದ್ಕೊಂಡೆ."

ವಾರ್ಡಿನೊಳಗೆ ಮಾವ ನರ್ಸ್ ಹತ್ತಿರ ಕಾಫಿ ಕೇಳುತ್ತಿದ್ದರು. ನಾನು ಜೇಬಿನಲ್ಲಿದ್ದ ಮಾಡ್ಯೂಲನ್ನು ಒಮ್ಮೆ ಮುಟ್ಟಿ ನೋಡಿ, ಅವರ ಬಳಿಗೆ ಹೋದೆ.