ನಡುವಿನ ಡಬ್ಬಿಯ ಎಣ್ಣೆ

"ಲಲಿತಕ್ಕಾ, ಐತವಾರ ಸಾನ್ವಿ ಮದುವಿ. ಸೋದರಮಾವ ಇಲ್ಲದ ಆಕಿ ಮಂಟಪಕ್ಕ ಹೆಂಗ ಬರಬೇಕ್ರಿ?"

ಬಾಗಿಲು ತೆರೆದ ಕೂಡಲೇ ಶಿವಬಸವ್ವ ಆಡಿದ ಮೊದಲ ಮಾತು ಇದು. ನಾನು ಲಲಿತಮ್ಮನವರ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದವಳು ಎದ್ದು ನೀರು ತಂದುಕೊಟ್ಟೆ. ಅವರ ಕೈಯಲ್ಲಿ ಇನ್ನೂ ಬಳೆ ಅಂಗಡಿಯ ಚೀಲ ಇತ್ತು.

ಅದು 2003ರ ವಸಂತ. ಲಲಿತಮ್ಮನವರು ಪರದೇಶದ ಅರ್ವಿಂಗ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಕೂತೇ ಫೋನಿನಲ್ಲಿ ದುಭಾಷಿ ಕೆಲಸ ಮಾಡುತ್ತಿದ್ದರು. ಯಾವುದೋ ಆಸ್ಪತ್ರೆಯಲ್ಲಿ ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿ ಹೊಟ್ಟೆ ಹಿಡಿದುಕೊಂಡರೆ, ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಡಾಕ್ಟರಿಗೆ ದಾಟಿಸುವುದು ಇವರ ಕಸುಬು. ಕನ್ನಡ ಸಂಘದ ಹಾರ್ಮೋನಿಯಂ ಕಳೆದುಹೋದಾಗ ಅದನ್ನು ಪತ್ತೆ ಮಾಡಿಕೊಟ್ಟ ಮೇಲೆ ಊರಿನ ಕನ್ನಡಿಗರೆಲ್ಲ ತಮ್ಮ ಗೋಜಲುಗಳನ್ನು ಇಲ್ಲಿಗೇ ತರುತ್ತಿದ್ದರು. ಅವರಿಗೆ ಕಾರು ಓಡಿಸಲು ಬಾರದು, ನನಗೆ ಮಾತು ನಿಲ್ಲಿಸಲು ಬಾರದು. ಹೀಗೆ ನಾನು ಅವರ ಸಾರಥಿಯಾದೆ.

"ಉದಯಶಂಕರ ಇದ್ದಾರಲ್ಲ?" ಎಂದರು ಲಲಿತಮ್ಮ.

ಶಿವಬಸವ್ವನಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಅವರೂ ಗಂಡ ಬಸವರಾಜರೂ ಗದಗಿನವರು, ಉದಯಶಂಕರ ಮೈಸೂರಿನವರು. ಆದರೂ ಸಾನ್ವಿ ಪುಟ್ಟ ಹುಡುಗಿಯಾಗಿದ್ದಾಗಿನಿಂದ ಅವರನ್ನೇ 'ಉದಯ ಮಾಮಾ' ಅಂತ ಕರೆದು ಬೆಳೆದವಳು. ಮದುವೆ ನಡೆಯಲಿದ್ದ ಆಸ್ಟಿನ್ನಿನಲ್ಲಿ ಅವಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಅವರೇ.

"ನಮ್ಮ ಮನಿಯವರು ಅವರಿಗೆ ಫೋನ್ ಮಾಡಿ, ಮದುವಿಗೆ ಬರಬ್ಯಾಡ್ರಿ ಅಂದುಬಿಟ್ರು. ನನ್ನ ಗಾಡಿ ಬೇಕಂತಲೇ ಕೆಡಿಸೀರಿ ಅಂದ್ರು."

ಗಾಡಿ ಅಂದರೆ ಬಸವರಾಜರ ಪಿಕಪ್ ಟ್ರಕ್ಕು. ಅವರು ಹ್ಯೂಸ್ಟನ್ನಿನ ಅಂಗಡಿಗಳಿಗೆ ರೊಟ್ಟಿ, ಚಟ್ನಿಪುಡಿ ಕೊಟ್ಟುಬರಲು ವ್ಯಾನಿನಲ್ಲಿ ಹೋಗಿದ್ದಾಗ, ಟ್ರಕ್ಕಿನ ಎಣ್ಣೆ ಬದಲಿಸಿಕೊಡುತ್ತೇನೆಂದು ಉದಯಶಂಕರ ಒಪ್ಪಿಕೊಂಡಿದ್ದರು. ಬದಲಿಸಿಯೂ ಕೊಟ್ಟರು. ಮುಂದಿನ ವಾರ ಮದುವೆಯ ಸಾಮಾನು ಹೇರಿಕೊಂಡು ಹೊರಟ ಟ್ರಕ್ಕು ದಾರಿಯಲ್ಲೇ ನರಳಿತು, ಅಡಿಯಿಂದ ಹೊಗೆ ಬಂತು.

"ಜಯತೀರ್ಥ ಅಂತ ಉದಯ ಅವರ ಆಫೀಸಿನವರು ಒಬ್ಬರು ಅದಾರ. ಈ ಗಾಡಿ ಮಾರ್ರಿ ಅಂತ ಮೊದಲಿಂದ ಬೆನ್ನು ಹತ್ಯಾರ. ಎಣ್ಣಿ ಬದಲಿಸೋವಾಗ ಜೋಡಿ ಇದ್ರು, ಗಾಡಿ ತಂದು ನಮ್ಮ ಮನಿಗೆ ಬಿಟ್ಟವರೂ ಅವರೇ. ಕೆಟ್ಟ ಸುದ್ದಿ ಗೊತ್ತಾದ ಕೂಡ್ಲೇ, ಇದ್ದ ಹಂಗ ಕೊಡ್ರಿ ತಗೋತೀನಿ ಅಂದ್ರು. ಅದಕ್ಕ ನಮ್ಮವರು, ಇಬ್ಬರೂ ಕೂಡಿ ಮಾಡ್ಯಾರ ಅಂತಾರ."

"ಉದಯಶಂಕರ ಏನಂದ್ರು?"

"ನೀವು ಹೇಳಿದ್ದನ್ನೇ ಹಾಕಿದ್ದೀನಿ ಅಂದ್ರಂತ. ಇವರು, ಸುಳ್ಳು ಅಂದ್ರು. ಅಷ್ಟಕ್ಕ ಫೋನ್ ಇಟ್ರು."

ನಾವು ಮೊದಲು ಟ್ರಕ್ಕು ರಿಪೇರಿಗೆ ನಿಂತಿದ್ದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ನಮಗೆ ಟ್ರಕ್ಕಿನಡಿ ಬಗ್ಗಿ ನೋಡಲು ಹೇಳಿ ಟಾರ್ಚು ಹಿಡಿದ. ಗಾಲಿಗಳನ್ನು ತಿರುಗಿಸುವ ಗುಂಡನೆಯ ಡಿಫರೆನ್ಷಿಯಲ್ ಮುಂದೊಂದು, ಹಿಂದೊಂದು. ನಡುವೆ ಇಂಜಿನ್ನಿನ ಬಲವನ್ನು ಎರಡೂ ಕಡೆಗೆ ಹಂಚುವ ಡಬ್ಬಿ, ಅದೇ ಟ್ರಾನ್ಸ್‌ಫರ್ ಕೇಸ್. ಮೂರಕ್ಕೂ ಒಂದೇ ಎಣ್ಣೆ ಅಲ್ಲ. ಈ ಟ್ರಕ್ಕಿನ ಮುಂದಿನ ಡಿಫರೆನ್ಷಿಯಲ್‌ಗೆ 80-90 ನಂಬರಿನ ಸಾಮಾನ್ಯ ಗೇರ್ ಆಯಿಲ್. ಭಾರ ಹೊರುವ ಹಿಂದಿನದಕ್ಕೆ 75-140, ಅದು ಇನ್ನೂ ಮಂದ, ದುಬಾರಿ. ನಡುವಿನ ಡಬ್ಬಿಗೆ ಮಾತ್ರ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ನೀರಿನಂಥ ಕೆಂಪು ಎಣ್ಣೆ.

ಆ ಡಬ್ಬಿಯಿಂದ ಇಳಿಸಿದ್ದು ಒಂದು ಅಗಲ ಪಾತ್ರೆಯಲ್ಲಿತ್ತು. ಜೇನಿನ ಬಣ್ಣ, ಕೊಳೆತ ಮೊಟ್ಟೆಯ ನಾತ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಲಲಿತಮ್ಮ ಬೆರಳಲ್ಲಿ ಅದ್ದಿ ಉಜ್ಜಿ ನೋಡಿದರು.

"ಇದು ಯಾವ ನಂಬರಿಂದು?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ಇಷ್ಟು ಮಂದ ಇದ್ದರೆ 75-140 ಅಂದ. ಬೇಗ ನಿಲ್ಲಿಸಿದ್ದರಿಂದ ಒಳಗೆ ಏನೂ ಕೆಟ್ಟಿಲ್ಲ, ತೊಳೆದು ಸರಿಯಾದದ್ದು ಹಾಕಿಕೊಡುತ್ತೇನೆ ಎಂದೂ ಹೇಳಿದ. ನಾನು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ.

ಅಲ್ಲಿಂದ ಸೌತ್‌ಲೇಕಿನ ಉದಯಶಂಕರರ ಮನೆಗೆ. ನಾನು ಮಾತಾಡುತ್ತಾ ತಿರುವು ಬಿಟ್ಟುಬಿಟ್ಟೆ.

"ವಸಂತಾ, ಹಿಂದಿನ ರಸ್ತೇಲಿ ತಿರುಗಬೇಕಿತ್ತು," ಅಂದರು ಲಲಿತಮ್ಮ.

ಸರಿ ಅಂತ ನಾನು ಬಡಾವಣೆಯನ್ನೆಲ್ಲ ಬಳಸಿಕೊಂಡು ಅವರ ಮನೆಯ ಹಿತ್ತಲ ಬೇಲಿಯ ಪಕ್ಕದ ರಸ್ತೆಗೆ ಹೋಗಿ ನಿಲ್ಲಿಸಿದೆ. ಅಲ್ಲಿ ಬಾಗಿಲೂ ಇಲ್ಲ, ಏನೂ ಇಲ್ಲ.

"ಇಲ್ಲಿಗ್ಯಾಕೆ ಬಂದ್ವಿ?"

"ನೀವೇ ಅಲ್ವಾ ಹಿಂದಿನ ರಸ್ತೆ ಅಂದಿದ್ದು?"

ಅವರು ನನ್ನತ್ತ ತಿರುಗಿ, ಆ ಬೇಲಿಯನ್ನೊಮ್ಮೆ ನೋಡಿದರು. ಆಮೇಲೆ ನಗತೊಡಗಿದರು. ನಗುವಂಥದ್ದೇನು ಅಂತ ನನಗೆ ಹೊಳೆಯಲಿಲ್ಲ.

ಉದಯಶಂಕರ ಹೆಚ್ಚು ಮಾತಿಗೆ ಸಿಗಲಿಲ್ಲ. "ನಾನು ಫೋನ್ ಮಾಡಿ ಕೇಳಿದ್ದೆ ಮೇಡಂ. ಅವರು ಹೇಳಿದ್ದನ್ನೇ ಹಾಕಿದೆ. ಸುಳ್ಳುಗಾರ ಅನ್ನಿಸಿಕೊಂಡ ಮೇಲೆ ಇನ್ನೇನು ಹೇಳಲಿ," ಎಂದು ಒಳಗೆ ಹೋದರು. ಅವರ ಹೆಂಡತಿ ಕೋಕಿಲಾ ಕಣ್ಣೊರೆಸಿಕೊಂಡು ಕಾಫಿ ತಂದರು.

"ಎಷ್ಟು ಮುತುವರ್ಜಿಯಿಂದ ಮಾಡಿದ್ರು ಗೊತ್ತಾ ಆಂಟಿ? ಎಣ್ಣೆ ಸಾಲಲಿಲ್ಲ ಅಂತ ಮೈಯೆಲ್ಲ ಜಿಡ್ಡು ಇದ್ದ ಹಾಗೇ ಮತ್ತೆ ಅಂಗಡಿಗೆ ಓಡಿದ್ರು."

ಅವರ ಮನೆಯ ಗ್ಯಾರೇಜಿನ ಕಸದ ಬುಟ್ಟಿಯಲ್ಲಿ 75-140ರ ಖಾಲಿ ಬಾಟಲಿಗಳೇ ತುಂಬಿದ್ದವು. ಕಪಾಟಿನ ಮೇಲೆ 80-90 ಇನ್ನೂ ಮಿಕ್ಕಿತ್ತು. ಅದರ ಪಕ್ಕದಲ್ಲಿ, ಬಸವರಾಜರು ಕೊಟ್ಟುಹೋದ ಕೆಂಪು ಎಣ್ಣೆಯ ಬಾಟಲಿಗಳು ಸೀಲು ಕೂಡ ಒಡೆಯದೆ ನಿಂತಿದ್ದವು.

"ಜಯತೀರ್ಥನೇ," ಎಂದು ನಾನು ಪಿಸುಗುಟ್ಟಿದೆ.

"ನಾಳೆ ಸಂಜೆ ಎಲ್ಲರನ್ನೂ ಇಲ್ಲಿಗೇ ಕರಿ," ಎಂದರು ಲಲಿತಮ್ಮ. "ಟ್ರಕ್ಕೂ ಬರಲಿ."

ಶುಕ್ರವಾರ ಸಂಜೆ ಅದೇ ಗ್ಯಾರೇಜಿನಲ್ಲಿ ಎಲ್ಲರೂ ಸೇರಿದರು. ಬಸವರಾಜರು ಟ್ರಕ್ಕಿಗೆ ಒರಗಿ ನಿಂತು ಛಾವಣಿ ನೋಡುತ್ತಿದ್ದರು, ಉದಯಶಂಕರ ನೆಲ ನೋಡುತ್ತಿದ್ದರು. ಜಯತೀರ್ಥ ಮಾತ್ರ ಬೆವರುತ್ತಿದ್ದ.

"ಜಯತೀರ್ಥಾ, ನಿಂಗೆ ಈ ಗಾಡಿ ಮೇಲೆ ಆಸೆ ಇದೆಯಲ್ವಾ?" ಎಂದು ಕೇಳಿದರು ಲಲಿತಮ್ಮ.

"ಇದೆ ಆಂಟಿ. ಈಗಲೂ ಇದೆ."

"ಇರಲಿ, ಆಸೆ ಪಡೋದು ತಪ್ಪಲ್ಲ. ಗಾಡಿ ಕೆಡಿಸಬೇಕು ಅನ್ನೋನು ಕೈಗೆ ಸಿಕ್ಕಿದ ಅಗ್ಗದ ಎಣ್ಣೆ ಸುರೀತಾನೆ. 80-90 ಇಲ್ಲೇ ಮಿಕ್ಕಿತ್ತು, ಆ ಮಿಕ್ಕಿದ್ದನ್ನ ಯಾರೂ ಮುಟ್ಟಿಲ್ಲ. ಡಬ್ಬೀಲಿ ಸಿಕ್ಕಿದ್ದು ದುಬಾರಿ 75-140. ಅದಕ್ಕೋಸ್ಕರ ಮತ್ತೆ ಅಂಗಡಿಗೆ ಹೋಗಿದ್ದಾರೆ. ಸ್ನೇಹಿತನ ಗಾಡಿ ಹಾಳು ಮಾಡೋಕೆ ಯಾರಾದರೂ ಒಳ್ಳೇ ಎಣ್ಣೆ ಹುಡುಕಿ ತರ್ತಾರಾ? ತಂದೋರು ಇದೇ ಸರಿ ಅಂತ ನಂಬಿದ್ದರು."

"ಅಂದ್ರ ಉದಯ ಅವರೇ ಹಾಕಿದ್ದಾತಲ್ಲರಿ," ಎಂದರು ಬಸವರಾಜರು.

"ಹೌದು. ನೀವು ಹೇಳಿದ್ದಕ್ಕೆ."

"ನಾ ಕೆಂಪೆಣ್ಣಿ ಹಾಕ್ರಿ ಅಂತ ಹೇಳೀನ್ರಿ."

ಆವತ್ತು ಆ ಫೋನು ಬಂದಾಗ ವ್ಯಾನಿನಲ್ಲಿ ಅವರ ಪಕ್ಕದಲ್ಲೇ ಇದ್ದ ಶಿವಬಸವ್ವ ಮೆಲ್ಲಗೆ, "ಕೆಂಪು ಅನ್ನಲಿಲ್ರಿ ನೀವು," ಎಂದರು.

"ಅರ್ಥ ಬೇಡ. ಆಡಿದ ಮಾತನ್ನ ಆಡಿದ ಹಾಗೇ ಹೇಳಿ," ಎಂದರು ಲಲಿತಮ್ಮ.

ಬಸವರಾಜರು ನೆನಪಿಸಿಕೊಂಡರು. "ನಡುವಿನ ಡಬ್ಬಿಗೆ ಏನು ಹಾಕಲಿ ಅಂತ ಇವರು ಕೇಳಿದ್ರು. 'ಹಿಂದಿಂದನ ಹಾಕ್ರಿ, ಬ್ಯಾರೆ ಬ್ಯಾಡ' ಅಂದೆ."

"ನಾನು 'ಹಿಂದಿನದೇನಾ?' ಅಂತ ಮತ್ತೆ ಕೇಳಿದೆ," ಎಂದರು ಉದಯಶಂಕರ. "ಹೂಂ ಅಂದ್ರಿ."

"ಈಗ ಇಬ್ಬರೂ ಬಾಯಿ ತೆರೀಬೇಡಿ. ಹಿಂದಿನದು ಯಾವುದು ಅಂತ ಬೆರಳು ತೋರಿಸಿ."

ಬಸವರಾಜರ ಬೆರಳು ಕಪಾಟಿನ ಕೆಂಪು ಬಾಟಲಿಗಳ ಕಡೆ ಹೋಯಿತು. ಉದಯಶಂಕರರ ಬೆರಳು ಟ್ರಕ್ಕಿನ ಹಿಂಗಾಲಿಗಳ ನಡುವಿನ ಡಿಫರೆನ್ಷಿಯಲ್ ಕಡೆ ಹೋಯಿತು.

ಇಬ್ಬರೂ ಒಬ್ಬರ ಬೆರಳನ್ನೊಬ್ಬರು ನೋಡಿದರು.

"ಡಬ್ಬೀಲಿ ಮೊದಲಿದ್ದದ್ದೂ ಹಿಂದಿನದೇ, ಬೆನ್ನ ಕಡೆ ಇರೋದೂ ಹಿಂದಿನದೇ," ಎಂದರು ಲಲಿತಮ್ಮ. "ಉದಯಶಂಕರ ಆವತ್ತು ಬೆಳಗಿಂದ ಟ್ರಕ್ಕಿನಡಿ ಮಲಗಿ ಮುಂದಿನದು, ಹಿಂದಿನದು ಅಂತ ಒದ್ದಾಡ್ತಿದ್ರು. ಇವರ ಕಿವಿಗೆ ಬೇರೆ ಅರ್ಥ ಹೇಗೆ ಬರಬೇಕು? ಕೆಂಪು ಬಾಟ್ಲಿ ಗೇರ್‌ಬಾಕ್ಸಿಗೆ ಅಂದ್ಕೊಂಡು ಎತ್ತಿಟ್ಟರು. ನಾಲ್ಕು ಜನರಿಗೆ ನಾಲ್ಕು ಭಾಷೆ ದಾಟಿಸೋ ನನಗೂ ಇದು ಹೊಳೆದಿದ್ದು ವಸಂತಾ ನನ್ನನ್ನ ಹಿತ್ತಲ ಬೇಲಿಗೆ ಕರಕೊಂಡು ಹೋದಾಗ. ನಾನು ಹಿಂದಿನ ರಸ್ತೆ ಅಂದಿದ್ದು ದಾಟಿ ಬಂದ ರಸ್ತೆಗೆ, ಅವಳು ಮನೆ ಹಿಂದಿನ ರಸ್ತೆ ಅಂದ್ಕೊಂಡಳು."

ಬಸವರಾಜರು ಟ್ರಕ್ಕು ಬಿಟ್ಟು ಮುಂದೆ ಬಂದು ಉದಯಶಂಕರರ ಎರಡೂ ಕೈ ಹಿಡಿದುಕೊಂಡರು. "ನನ್ನ ಗಾಡಿಗೆ ಅಂತ ರೊಕ್ಕ ಹಾಕಿ ತುಟ್ಟಿ ಎಣ್ಣಿ ತಂದೀರಿ. ನಾ ನಿಮಗ ಸುಳ್ಳ ಅಂದೆ. ತಪ್ಪಾತ್ರಿ. ಬರ್ತೀರಲ್ಲ?"

"ಬರದೇ ಇರೋಕೆ ನನ್ನಿಂದ ಎಲ್ಲಾಗುತ್ತೆ," ಎಂದರು ಉದಯಶಂಕರ. "ನೀವು ಬೇಡ ಅಂದ ಮೇಲೂ ಕೋಕಿಲಾ ರೇಷ್ಮೆ ಪಂಚೆ ಇಸ್ತ್ರಿ ಮಾಡಿಟ್ಟಿದ್ದಾಳೆ."

ಭಾನುವಾರ ಆಸ್ಟಿನ್ನಿನ ಛತ್ರದಲ್ಲಿ ಸ್ವಾಮಿಗಳು, "ಸೋದರಮಾವ ಮುಂದ ಬರ್ರಿ," ಎಂದು ಕರೆದರು. ಸಾನ್ವಿಯ ಕೈಹಿಡಿದು ಹೊರಟ ಉದಯಶಂಕರ ಅಲ್ಲೇ ನಿಂತು ಬಸವರಾಜರ ಮುಖ ನೋಡಿದರು. ಬಸವರಾಜರು ತುಂಬಿದ ಕಣ್ಣಲ್ಲೇ ನಗುತ್ತಾ, ಮಂಟಪದ ಕಡೆ ಬೆರಳು ತೋರಿಸಿದರು.

ಊಟವಾದ ಮೇಲೆ ಶಿವಬಸವ್ವ ಲಲಿತಮ್ಮನವರಿಗೆ ಕುಂಕುಮ ಹಚ್ಚಿ, ಸೀರೆ ಕೊಟ್ಟು ಉಡಿ ತುಂಬಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಂಗ್ಯಾಕೆ? ನಾನೇನು ಮಾಡಿದೆ?" ಎಂದೆ.

"ಸೆರಗು ಹಿಡಿ ತಂಗಿ," ಎಂದರು ಶಿವಬಸವ್ವ. "ನೀ ದಾರಿ ತಪ್ಪಲಿಲ್ಲ ಅಂದಿದ್ರ, ನನ್ನ ಮಗಳು ಒಬ್ಬಾಕೀನ ನಡಕೊಂಡು ಬರ್ತಿದ್ಲು."